ಇದ್ದಿಲ ತೊಟ್ಟಿಯಲ್ಲಿ ಮಾಡಸಾಮಿ

ಮಾಡಸಾಮಿ ಇದ್ದಿಲ ತೊಟ್ಟಿಯೊಳಗೆ ಸತ್ತ. ಕುಡಿದು ಬಿದ್ದು ಸತ್ತನೆಂದು ಪೊಲೀಸರು ಬರೆದುಕೊಂಡರು.

ಅವನ ಹೆಂಡತಿ ಪೇಚಿಯಮ್ಮ ಬಂದು ತಟ್ಟಿದ್ದು ತಿಲಗವತಿ ಅಕ್ಕನ ಬಾಗಿಲನ್ನು. ಸರ್ಕಾರಿ ಅಪರಾಧ ಪ್ರಯೋಗಾಲಯದಿಂದ ನಿವೃತ್ತಳಾದ ಅಕ್ಕ ತಿರುಪ್ಪೂರಿನ ನಮ್ಮ ಕಾರ್ಮಿಕ ಸಂಘದ ಮಹಡಿಯಲ್ಲೇ ಇದ್ದಳು. ಕೂಲಿಯವರ ಸಾವು ಯಾರಿಗೂ ಬೇಡವಾದಾಗ ಅವಳಿಗೆ ಬೇಕಾಗುತ್ತಿತ್ತು. ಅವಳ ಚೀಲ ಹೊರುವುದು ನನ್ನ ಪಾಲಿನ ಕೆಲಸ.

"ಅವರು ಹೆಂಡ ಮುಟ್ಟಿದೋರಲ್ಲ ಅಕ್ಕಾ," ಎಂದಳು ಪೇಚಿಯಮ್ಮ. "ಹೆಣ ತಗೊಂಡೋಗಿ ಸುಟ್ಟುಬಿಡು ಅಂತಿದಾರೆ. ಸುಟ್ಟರೆ ಅವರು ಹೇಳಿದ್ದೇ ನಿಜ ಆಗುತ್ತೆ. ನಾಳೆ ಅದೇ ತೊಟ್ಟಿಗೆ ಇನ್ನೊಬ್ಬನ್ನ ಇಳಿಸ್ತಾರೆ."

ಮಾಡಸಾಮಿ ಕೂಲಿಗಿದ್ದ ಡೈಯಿಂಗ್ ಕಾರ್ಖಾನೆಯ ಹಿತ್ತಲಲ್ಲಿ ಎರಡು ಕಬ್ಬಿಣದ ತೊಟ್ಟಿಗಳಿದ್ದವು. ಬಟ್ಟೆಗೆ ಬಣ್ಣ ಹಾಕಿ ಉಳಿದ ನೀರು ಶೇಂಗಾ ಸಿಪ್ಪೆಯ ಇದ್ದಿಲಿನ ಮೂಲಕ ಹಾಯ್ದು, ಬಣ್ಣವನ್ನೂ ನಾತವನ್ನೂ ಅಲ್ಲೇ ಬಿಟ್ಟು ಹೊರಬರುತ್ತಿತ್ತು. ಹಿಂದಿನ ಸಂಜೆ ಎರಡಕ್ಕೂ ಹೊಸ ಇದ್ದಿಲು ತುಂಬಿ, ನೆನೆಸಿ, ಮುಚ್ಚಳ ಬಿಗಿದಿದ್ದರು. ಬೆಳಿಗ್ಗೆ ಒಂದರೊಳಗೆ ಇಳಿದ ಮಾಡಸಾಮಿಯನ್ನು ಮಧ್ಯಾಹ್ನ ಕೊಕ್ಕೆ ಹಾಕಿ ಎಳೆದಿದ್ದರು.

ಶೆಡ್ಡಿನಲ್ಲಿ ಮಲಗಿಸಿದ್ದ ಹೆಣ ಹಣೆಯಿಂದ ಹೆಬ್ಬೆರಳವರೆಗೂ ಕಪ್ಪಾಗಿತ್ತು. ಸಾರಾಯಿ ನಾತಕ್ಕೆ ಇನ್‌ಸ್ಪೆಕ್ಟರ್ ಮೂಗಿಗೆ ಕರವಸ್ತ್ರ ಹಿಡಿದಿದ್ದ. ಮೇಸ್ತ್ರಿ ದುರೈಪಾಂಡಿ ಬಾಟಲಿ ತೋರಿಸಿದ. ಅದರ ಮೇಲಿನ ಚೀಟಿ ಫಳಫಳ ಹೊಳೆಯುತ್ತಿತ್ತು.

"ಎಳೆದಾಗ ಸೊಂಟದಲ್ಲೇ ಸಿಕ್ಕಿಸಿಕೊಂಡಿದ್ದ ಮೇಡಂ. ಇಳೀಬೇಡ ಅಂದೆ. ಕುಡುಕರು ಕೇಳ್ತಾರಾ?"

ಅಕ್ಕ ಎಲ್ಲರನ್ನೂ ಅಲ್ಲಿಗೇ ಕರೆಸಿದಳು. ಮಾಲೀಕ ಸೆಂಗೋಡನ್ ಬಂದವನೇ ಗಡಿಯಾರ ನೋಡಿಕೊಂಡ. ಕೂಲಿಯವರು ಗೋಡೆಗೆ ಒತ್ತಿ ನಿಂತರು.

ಅಕ್ಕ ಒಂದು ಬಟ್ಟೆಚೂರಿಗೆ ಆ ಬಾಟಲಿಯದೇ ಸಾರಾಯಿ ಚಿಮುಕಿಸಿದಳು. ಅದನ್ನು ನನ್ನ ಊಟದ ಡಬ್ಬಿಯಲ್ಲಿಟ್ಟು, ಹೊಸ ಇದ್ದಿಲು ತುಂಬಿ ಮುಚ್ಚಿದಳು. ಆಮೇಲೆ ಹೆಣ ಎಳೆದವರನ್ನು ಒಬ್ಬೊಬ್ಬರಾಗಿ ವಿಚಾರಿಸಿದಳು. ಅದು ಮುಗಿದ ಮೇಲೆ ಬಟ್ಟೆಯನ್ನು ಇನ್‌ಸ್ಪೆಕ್ಟರನ ಕೈಗೆ ಕೊಟ್ಟಳು.

"ಮೂಸಿ ಸಾರ್."

ಅವನು ಮೂಸಿದ. ಮತ್ತೆ ಮೂಸಿದ. "ಏನೂ ಇಲ್ಲ."

"ಡಬ್ಬಿಯಷ್ಟು ಇದ್ದಿಲೇ ನಾತವನ್ನ ನುಂಗಿತು. ಇವನು ಇಡೀ ತೊಟ್ಟಿ ಇದ್ದಿಲಲ್ಲಿ ಮಧ್ಯಾಹ್ನದವರೆಗೆ ಬಿದ್ದಿದ್ದ. ಆದರೂ ಅಂಗಿ ಗಬ್ಬು ನಾರ್ತಿದೆ. ಅಂದರೆ ಸಾರಾಯಿ ಬಿದ್ದದ್ದು ಹೊರಗೆ ಎಳೆದ ಮೇಲೆ. ಬಾಟಲಿ ಸೊಂಟದಲ್ಲಿತ್ತಂತೆ. ಸೊಂಟ ಕಪ್ಪು, ಬಾಟಲಿ ಮದುಮಗನ ಹಾಗೆ ಬೆಳ್ಳಗಿದೆ. ಉಳಿದ ಯಾರೂ ಸೊಂಟದಲ್ಲಿ ಬಾಟಲಿ ನೋಡಿಲ್ಲ. ನೋಡಿದೆ ಅಂದೋನು ನೀನೊಬ್ಬನೇ, ದುರೈಪಾಂಡಿ."

"ಕತೆ ಚೆನ್ನಾಗಿದೆ," ಎಂದ ಸೆಂಗೋಡನ್. "ಹಾಗಾದ್ರೆ ಕುಡಿಯದೇ ಹೇಗೆ ಸತ್ತನಮ್ಮಾ?"

ಅಕ್ಕ ಇನ್ನೂ ಮುಚ್ಚಿಯೇ ಇದ್ದ ಎರಡನೇ ತೊಟ್ಟಿಯ ಮುಚ್ಚಳ ತೆಗೆಸಿ, ಹಚ್ಚಿದ ಮೇಣದಬತ್ತಿಯನ್ನು ತಂತಿಯಲ್ಲಿ ಒಳಗೆ ಇಳಿಸಿದಳು. ಬತ್ತಿ ಆರಿತು. ಮತ್ತೆ ಹಚ್ಚಿ ಇಳಿಸಿದಳು. ಮತ್ತೆ ಆರಿತು.

"ಒದ್ದೆ ಇದ್ದಿಲು ಉಸಿರಾಡೋ ಗಾಳಿಯನ್ನೂ ಹೀರಿಕೊಳ್ಳುತ್ತೆ. ಇಳಿದೋನು ಉಸಿರುಕಟ್ಟಿ ಸತ್ತ. ಮುಚ್ಚಳ ತೆಗೆದು, ಫ್ಯಾನು ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಬೇಕು. ಅಷ್ಟು ಹೊತ್ತು ಮಿಷನ್ನು ನಿಲ್ಲುತ್ತೆ, ಅದಕ್ಕೆ ನಿಮಗೆ ಮನಸ್ಸಿಲ್ಲ."

ದುರೈಪಾಂಡಿ ಕುಕ್ಕರಿಸಿದ. "ಇದ್ದಿಲು ಸಮ ಮಾಡು ಅಂತ ಇಳಿಸಿದ್ದು ನಾನೇ. ಸಾರಾಯಿ ಸುರಿದಿದ್ದೂ ನಾನೇ. ಸುರಿ ಅಂದೋರು ಓನರ್ರು."

ಹೊಳೆಗೆ ತಿಳಿನೀರು ಬಿಡುತ್ತೇವೆಂದು ಬೋರ್ಡು ಬರೆಸಿದ್ದ ಸೆಂಗೋಡನ್, ಸತ್ತವನ ಎದೆಯ ಮೇಲೆ ಸಾರಾಯಿ ಸುರಿಸಿದ್ದ. ಇನ್‌ಸ್ಪೆಕ್ಟರ್ ಅವನ ಮುಖ ನೋಡಿದ. ಸೆಂಗೋಡನ್ ಗೇಟಿನ ಕಡೆ ನೋಡಿದ.

"ಸರಿ ಸರಿ, ವಿಚಾರಿಸೋಣ," ಎಂದ ಇನ್‌ಸ್ಪೆಕ್ಟರ್ ಪೇಚಿಯಮ್ಮನ ಕಡೆ ತಿರುಗಿದ. "ಏನಮ್ಮಾ, ಮೊದಲು ಹೆಣ ತಗೊಂಡು ಹೊರಡು. ಗಾಡಿ ಬಂದಿದೆ."

ಪೇಚಿಯಮ್ಮ ಶೆಡ್ಡಿನ ಬಾಗಿಲಿಗೆ ಅಡ್ಡ ಕೂತಳು. ಕೂಲಿ ಹೆಂಗಸರು ಬಂದು ಅವಳ ಅಕ್ಕಪಕ್ಕ ಕೂತರು.

"ಕೇಳಿಸಲಿಲ್ವಾ? ಹೆಣ ತಗೋ."

"ತಗೊಳ್ಳಲ್ಲ ಸಾರ್. ಕೊಂದೋರ ಹೆಸರು ಬರೀರಿ. ಅಲ್ಲೀವರೆಗೂ ತಗೊಳ್ಳಲ್ಲ."