ನೂರಕ್ಕೆ ನೂರು ತುಂಬಿದ ಡಬ್ಬಿ

"ನಂದು ಹಂಡ್ರೆಡ್! ನೋಡೋ ಕಿಶೋರ, ಹಂಡ್ರೆಡ್ ಪರ್ಸೆಂಟ್!"

ದೀಕ್ಷಿತಾ ಕುರ್ಚಿಯಲ್ಲಿ ಕುಳಿತಲ್ಲೇ ಕುಣಿದಳು. ಆ ಕುರ್ಚಿಗೋ ಮೊದಲೇ ಒಂದು ಕಾಲು ಕುಂಟು. "ಏಯ್, ಮುರಿದುಗಿರಿದೀಯಾ!" ಎಂದು ಸೈಬರ್ ಸೆಂಟರಿನ ವಿಶ್ವಣ್ಣ ಅಲ್ಲಿಂದಲೇ ಗದರಿದ.

ಅವಳ ಇನ್‌ಬಾಕ್ಸಿನ ಮೇಲೆ ಜಾಗ ಎಷ್ಟು ತುಂಬಿದೆಯೆಂದು ತೋರಿಸುವ ಉದ್ದನೆಯ ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಕೆಂಪಗಾಗಿತ್ತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಕನ್ನಡ ಮೀಡಿಯಂ ಆರನೇ ಕ್ಲಾಸಿನ ಹುಡುಗಿ, ಇಂಗ್ಲಿಷ್ ಕಲಿಯತೊಡಗಿದ್ದೇ ಹೋದ ವರ್ಷ. ಏನೋ ಶಭಾಷ್ ಅಂತ ಬರೆದಿರಬೇಕು ಎಂದುಕೊಂಡಳು.

ಕಿಶೋರನ ಮುಖ ಸಣ್ಣಗಾಯಿತು. ಅವನ ಪಟ್ಟಿ ಇನ್ನೂ ಮುಕ್ಕಾಲಿಗೇ ನಿಂತಿತ್ತು. "ನಾನು ಫಾರ್ವರ್ಡ್ ಮಾಡಿದ ಫೋಟೋದಿಂದ್ಲೇ ನಿಂದು ತುಂಬಿದ್ದು. ಜಂಬ ಬೇಡ" ಎಂದ.

ಅದು ನಿಜವೇ. ಮಿನುಗುವ ಗಣಪತಿ, ಟೋಪಿ ಹಾಕಿದ ನಾಯಿಮರಿ, ಹೀರೋಗಳು, ಬೈಕುಗಳು, ಎಲ್ಲ ಕಿಶೋರನ ಕಡೆಯಿಂದ ಬಂದವು. ಆ ಮಳೆಗಾಲವಿಡೀ ಅವಳ ಕ್ಲಾಸಿನಲ್ಲಿ ಅದೇ ಪಂದ್ಯ, ಯಾರ ಬಾಕ್ಸು ಮೊದಲು ತುಂಬುತ್ತದೆ ಅಂತ. ಬಂದಿದ್ದನ್ನು ಯಾರೂ ಡಿಲೀಟ್ ಮಾಡುತ್ತಿರಲಿಲ್ಲ. ತುಂಬಿದ್ದು ಒಳ್ಳೆಯದು ಅನ್ನುವುದು ಅವರಿಗೆಲ್ಲ ಹುಟ್ಟಿನಿಂದ ಗೊತ್ತು. ದೀಕ್ಷಿತಾಳ ಮನೆಯಲ್ಲಂತೂ ಅಕ್ಕಿ ಮುಗಿದರೆ ಖಾಲಿ ಅನ್ನುವ ಹಾಗೇ ಇಲ್ಲ, ತುಂಬಿದೆ ಅನ್ನಬೇಕು. "ಅಕ್ಕಿ ತುಂಬಿದ್ದು ಹೇಳವು ಕೂಸೇ" ಎಂದು ಅವಳ ಅಮ್ಮ, ಆಯಿ, ತಿದ್ದುತ್ತಿದ್ದಳು.

ಕುಣಿದಿದ್ದಾಯಿತು. ಆಮೇಲೆ ದೀಕ್ಷಿತಾ ಮಧುರಾಳ ಹೆಸರು ಹುಡುಕಿದಳು. ಹೊಸ ಮೇಲ್ ಇಲ್ಲ.

ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕುಳಿತ ಗೆಳತಿ ಮಧುರಾ. ಬೇಸಿಗೆ ರಜೆಯಲ್ಲಿ ಅವಳ ಅಪ್ಪನಿಗೆ ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಆಯಿತು. ಅಲ್ಲಿಯ ಮನೆಗೆ ಇನ್ನೂ ಫೋನ್ ಬಂದಿರಲಿಲ್ಲ. ಅದಕ್ಕೇ ಹೋಗುವ ಮೊದಲು ಇಬ್ಬರೂ ಇದೇ ಸೈಬರಿನಲ್ಲಿ ಮೇಲ್ ಐಡಿ ಮಾಡಿಕೊಂಡಿದ್ದರು. ಪ್ರತಿ ಭಾನುವಾರ ಬರೆಯಲೇಬೇಕು ಅಂತ ಆಣೆ ಹಾಕಿದ್ದರು. ಜೂನ್ ತಿಂಗಳಲ್ಲಿ ತಪ್ಪದೆ ಬಂತು. ಜುಲೈ ಪೂರ್ತಿ ಮಳೆಯ ದೆಸೆಯಿಂದ ದೀಕ್ಷಿತಾ ಸೈಬರಿಗೆ ಬಂದಿರಲಿಲ್ಲ; ಈಗ ನೋಡಿದರೆ ಆ ತಿಂಗಳದ್ದು ಒಂದೂ ಇಲ್ಲ.

ದೀಕ್ಷಿತಾಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ಈ ಹುಡುಗಿಗೆ ಹಿಂದುಮುಂದು ಕಾಣುವುದಿಲ್ಲ. ಕೀಲಿಗಳನ್ನು ಕುಟ್ಟಿ ಕುಟ್ಟಿ ಇಂಗ್ಲಿಷ್ ಅಕ್ಷರದಲ್ಲಿ ತಮ್ಮಿಬ್ಬರ ಮನೆಮಾತು ಬರೆದಳು.

"ದೊಡ್ಡ ಊರಿಗೆ ಹೋಗಿ ದೊಡ್ಡ ಜನ ಆಗೋದ್ಯ? ಆನು ಇದ್ನೋ ಇಲ್ಯೋ ಹೇಳಿ ಒಂದು ಅಕ್ಷರ ಬರದ್ದಿಲ್ಲೆ. ಇನ್ಮೇಲೆ ಬರಿಯದೇ ಬೇಡ. ನಿನ್ನ ಸಂಗವೇ ಬೇಡ."

ಕಿಶೋರ ಇಣುಕಿ ನೋಡಿದ. "ಅಯ್ಯೋ, ಇಷ್ಟು ಜೋರಾಗಿ ಬರೀಬೇಡ್ವೇ ಮಾರಾಯ್ತಿ."

"ನಿಂಗೆಂತ ಆಗ್ಬೇಕು?" ಎಂದವಳೇ ಸೆಂಡ್ ಒತ್ತಿದಳು. ಮೇಲ್ ಹೋಯಿತು. ತುಂಬಿದ ಬಾಕ್ಸಿನಿಂದ ಕಳಿಸಲು ಏನೂ ಅಡ್ಡಿಯಿರಲಿಲ್ಲ.

ಆಮೇಲೆ ಕ್ಲಾಸಿನಲ್ಲಿ ಪಂದ್ಯವೇ ಬದಲಾಯಿತು. ಬೆಂಗಳೂರಿನ ಮಾವನಿಂದ ಕಿಶೋರನಿಗೆ ಹೊಸ ಕಂಪನಿಯ ಮೇಲ್ ಸಿಕ್ಕಿತು. "ಒಂದು ಜಿಬಿ ಗೊತ್ತಾ? ನಿಮ್ದೆಲ್ಲ ಬರೀ ನಾಲ್ಕು ಎಂಬಿ. ನಂದು ಇನ್ನು ಜನ್ಮದಲ್ಲಿ ತುಂಬೋದೇ ಇಲ್ಲ!" ಎಂದು ಅವನು ಕಾಲರ್ ಎತ್ತಿದ. ಇನ್ವೈಟ್ ಇಲ್ಲದೆ ಅದರೊಳಗೆ ಯಾರಿಗೂ ಪ್ರವೇಶವಿಲ್ಲವಂತೆ. ತುಂಬದೇ ಇರುವುದೇ ಹೆಚ್ಚುಗಾರಿಕೆ ಅಂದರೆ! ದೀಕ್ಷಿತಾಗೆ ಏನೂ ಅರ್ಥವಾಗಲಿಲ್ಲ. ಸೈಬರಿಗೆ ಹೋಗುವುದನ್ನೇ ಬಿಟ್ಟಳು.

ದೀಪಾವಳಿಯ ಮುನ್ನಾದಿನ ಆಯಿಯ ಜೊತೆ ಪೇಟೆಗೆ ಹೋದಾಗ, ಬಳೆ ಅಂಗಡಿಯಲ್ಲಿ ಮಧುರಾ ಕಂಡಳು. ಹಬ್ಬಕ್ಕೆ ಅಜ್ಜನ ಮನೆಗೆ ಬಂದಿದ್ದಳಂತೆ. ಪಕ್ಕದಲ್ಲಿ ಗೊತ್ತಿಲ್ಲದ ಒಬ್ಬ ಹುಡುಗಿ ಅವಳ ಕೈ ಹಿಡಿದುಕೊಂಡಿದ್ದಳು.

ದೀಕ್ಷಿತಾಳ ಸಿಟ್ಟೆಲ್ಲ ಎಲ್ಲಿ ಹೋಯಿತೋ. "ಮಧೂ! ಯಾವಾಗ ಬಂದ್ಯೇ?" ಎಂದು ಓಡಿದಳು.

"ನಿನ್ನೆ ಬಂದೆ" ಎಂದಳು ಮಧುರಾ. ಮನೆಮಾತಿನಲ್ಲಿ ಅಲ್ಲ. ಟೀಚರ ಹತ್ತಿರ, ಹೊರಗಿನವರ ಹತ್ತಿರ ಆಡುವ ಕನ್ನಡದಲ್ಲಿ.

"ಎಂತಕೆ ಹಾಂಗೆ ಮಾತಾಡ್ತೆ? ನೀನೇ ಅಲ್ದಾ ಬರಿಯದು ಬಿಟ್ಟಿದ್ದು?"

"ನಾನು ಬಿಟ್ಟಿಲ್ಲ. ಜುಲೈಲೂ ಪ್ರತಿ ವಾರ ಬರ್ದಿದ್ದೆ. ಎಲ್ಲಾ ವಾಪಸ್ ಬಂದ್ವು, ನಿನ್ನ ಬಾಕ್ಸ್ ಫುಲ್ ಅಂತ."

"ಫುಲ್ ಆದ್ರೆ... ಬತ್ತಿಲ್ಯ?"

ಮಧುರಾ ಬಳೆಗಳನ್ನೇ ನೋಡುತ್ತಿದ್ದಳು. "ಹೊಸ ಶಾಲೇಲಿ ನನ್ನ ಹತ್ರ ಯಾರೂ ಕೂರ್ತಿರ್ಲಿಲ್ಲ. ನಾನು ಮಾತಾಡಿದ್ರೆ ನಗ್ತಿದ್ರು. ಅದನ್ನೇ ಬರ್ದಿದ್ದೆ. ನಿನ್ನಿಂದ ಒಂದು ಬಂತು. ಅದನ್ನ ಓದಿದೆ."

ದೀಕ್ಷಿತಾ ಅವಳ ತೋಳು ಹಿಡಿದಳು. "ಎನಗೆ ಗೊತ್ತಿತ್ತಿಲ್ಲೆ ಮಧೂ. ದೇವರಾಣೆಗೂ ಗೊತ್ತಿತ್ತಿಲ್ಲೆ."

"ಇರ್ಲಿ ಬಿಡು" ಎಂದಳು ಮಧುರಾ. ಪಕ್ಕದ ಹುಡುಗಿಯನ್ನು ತೋರಿಸಿ, "ಇವಳು ಸೌಮ್ಯ, ನನ್ನ ಫ್ರೆಂಡ್. ಹಬ್ಬಕ್ಕೆ ಅಂತ ಕರ್ಕೊಂಡು ಬಂದೆ" ಎಂದಳು. ಮೊದಲೆಲ್ಲ ಬಳೆಯ ಬಣ್ಣ ಯಾವುದು ಅಂತ ದೀಕ್ಷಿತಾಳನ್ನು ಕೇಳುತ್ತಿದ್ದವಳು ಈಗ ಸೌಮ್ಯಳನ್ನು ಕೇಳಿದಳು. ಇಬ್ಬರೂ ಹಸಿರು ಬಳೆ ತೆಗೆದುಕೊಂಡು ಹೋದರು.

ಹಬ್ಬ ಮುಗಿದ ಭಾನುವಾರ ದೀಕ್ಷಿತಾ ಸೈಬರಿಗೆ ಓಡಿದಳು. ಎಲ್ಲ ಅಳಿಸಬೇಕು, ಗಣಪತಿಯನ್ನೂ ಅಳಿಸಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಬಾಕ್ಸ್ ತೆರೆದರೆ ಕೆಂಪು ಪಟ್ಟಿಯೇ ಇಲ್ಲ! ಅದರ ಜಾಗದಲ್ಲಿ ಉಗುರಿನಷ್ಟು ಹಸಿರು.

"ವಿಶ್ವಣ್ಣ, ಇದೆಂತ ಆಯ್ತು?"

ವಿಶ್ವಣ್ಣ ಬಗ್ಗಿ ನೋಡಿ ನಕ್ಕ. "ಹೊಸಬರು ಒಂದು ಜಿಬಿ ಕೊಟ್ರಲ್ಲ, ಹಳಬರಿಗೂ ಕೊಡ್ದೆ ಗತಿ ಇಲ್ಲ. ಎಲ್ರಿಗೂ ಜಾಗ ಜಾಸ್ತಿ ಮಾಡಿದ್ದಾರೆ. ಪುಕ್ಕಟೆ! ಇನ್ನು ಎಷ್ಟು ಬೇಕಾದ್ರೂ ತುಂಬ್ಸು."

ಅಳಿಸುವ ಅಗತ್ಯವೇ ಉಳಿದಿರಲಿಲ್ಲ. ಗಣಪತಿ ಇದ್ದ, ನಾಯಿಮರಿ ಇತ್ತು, ಬೈಕುಗಳೂ ಇದ್ದವು. ಮಧುರಾ ಅಳುತ್ತ ಬರೆದಿದ್ದು ಮಾತ್ರ ಒಂದೂ ಇರಲಿಲ್ಲ.

"ತಪ್ಪಾತು ಮಧೂ. ಮತ್ತೆ ಬರಿತ್ಯಾ?" ಎಂದು ಬರೆದು ಕಳಿಸಿದಳು. ಮತ್ತೆ ಮತ್ತೆ ರಿಫ್ರೆಶ್ ಒತ್ತಿದಳು. ಮುಂದಿನ ಭಾನುವಾರವೂ ಒತ್ತಿದಳು. ಅದರ ಮುಂದಿನ ಭಾನುವಾರವೂ.

ಅಂದೂ ಏನೂ ಬಾರದೆ ಮನೆಗೆ ಬಂದಾಗ ಆಯಿ ಒಲೆಯ ಮುಂದಿದ್ದಳು. "ಕೂಸೇ, ಅಕ್ಕಿ ಡಬ್ಬಿಲಿ ಎಷ್ಟಿದ್ದು ನೋಡು."

ದೀಕ್ಷಿತಾ ಮುಚ್ಚಳ ತೆಗೆದಳು. ಒಳಗೆ ಬರಿಯ ತಳ ಕಂಡಿತು.

"ಖಾಲಿ" ಎಂದಳು.

"ಏ, ಹಾಂಗೆ ಹೇಳ್ಲಾಗ! ತುಂಬಿದ್ದು ಹೇಳವು."

ದೀಕ್ಷಿತಾ ಡಬ್ಬಿಯನ್ನು ಓರೆ ಮಾಡಿ ಆಯಿಗೆ ತೋರಿಸಿದಳು.

"ಇಲ್ಲೆ ಆಯಿ. ಖಾಲಿ ಆಯ್ದು" ಎಂದಳು.