ಏಳು ತೂತಿನ ಒಲೆ

ಎಂಟು ವರ್ಷದ ಹಿಂದೆ, ಕೆಮ್ಮಿ ಕೆಮ್ಮಿ ಸುಸ್ತಾದ ಅವ್ವನ ಬೆನ್ನು ನೀವುತ್ತಾ ಮಮತ ಒಂದು ಮಾತು ಕೊಟ್ಟಿದ್ದಳು. "ನಿಂಗಯ್ಯನೋರ ಒಲೇಲಿ ಟೈರು ಉರಿಯೋಗಂಟ ನಾನು ಆ ಆಲೆಮನೆ ಒಳಕ್ಕೆ ಕಾಲಿಡಲ್ಲ ಕಣವ್ವ."

ಮುತ್ತಮ್ಮ ಕೆಮ್ಮಿನ ಮಧ್ಯೆಯೇ ನಕ್ಕಳು. "ನೀನು ಕಾಲಿಡದಿದ್ರೆ ಒಲೆಗೇನ್ ಬೇಜಾರಾ?"

ಒಲೆಗೆ ಬೇಜಾರಾಗಲಿಲ್ಲ. ನಿಂಗಯ್ಯನ ಮಗ ತಿಮ್ಮೇಶನಿಗೆ ಆಯಿತು.

ಅಲ್ಲಿಯವರೆಗೆ ದಿನಾ ಸಂಜೆ ಮಮತ ಆಲೆಮನೆಗೆ ಬರುತ್ತಿದ್ದಳು. ಅಚ್ಚಿಗೆ ಹುಯ್ಯುವ ಮುಂಚೆ ಬಿಸಿ ಬೆಲ್ಲವನ್ನು ಬಾಳೆ ಎಲೆ ಚೂರಿನ ಮೇಲಿಟ್ಟು ಅವನು ಕೊಡುತ್ತಿದ್ದ. ಬೆರಳು ಸುಟ್ಟಿತು ಅಂತ ಅವಳು ಕೈ ಒದರಿದರೆ, ಊದಿ ಕೊಡಲೇ ಅಂತ ಕಣ್ಣಲ್ಲೇ ಕೇಳುತ್ತಿದ್ದ. ಬಾಯಿ ಬಿಟ್ಟು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಆಮೇಲೆ ಅವಳು ನಾಲೆ ಏರಿಯ ಮೇಲೆಯೇ ಹಾದು ಹೋಗತೊಡಗಿದಳು. ಅವನು ಬಾಗಿಲಲ್ಲಿ ನಿಂತು ನೋಡತೊಡಗಿದ.

ಪಾಂಡವಪುರದ ಆ ಸೀಮೆಯಲ್ಲಿ ಟೈರು ಸುಡುವವನು ನಿಂಗಯ್ಯ ಒಬ್ಬನೇ ಅಲ್ಲ. ಕಬ್ಬಿನ ಹಸಿ ಸಿಪ್ಪೆ ಹತ್ತಿಕೊಳ್ಳೋದಿಲ್ಲ, ಒಣ ಸೌದೆ ಸಿಗೋದಿಲ್ಲ, ಹಳೇ ಟೈರಾದರೆ ಲಾರಿಗಟ್ಟಲೆ ಬಂದು ಬೀಳುತ್ತೆ. ಒಗೆದು ಹಾಕಿದ ಬಿಳಿ ಪಂಚೆ ಸಾಯಂಕಾಲಕ್ಕೆ ಬೂದಿ ಬಣ್ಣವಾಗುತ್ತೆ. ಎದೆ ಕಟ್ಟಿದವರು ಆಸ್ಪತ್ರೆಗೆ ಹೋಗಿ ಬರುತ್ತಾರೆ. ಅಷ್ಟೇ.

ಮಮತ ಡಿಪ್ಲೊಮಾ ಮುಗಿಸಿ, ನಾಗಮಂಗಲದಲ್ಲಿ ಬಾಡಿಗೆ ಶೆಡ್ಡು ಹಿಡಿದು, ಹೋಟೆಲ್ಲುಗಳಿಗೂ ಕಲ್ಯಾಣ ಮಂಟಪಗಳಿಗೂ ಹೊಗೆ ಕಮ್ಮಿ ಮಾಡುವ ಒಲೆ ಕಟ್ಟಿಕೊಡತೊಡಗಿದಳು. ಮೂವತ್ತು ದಾಟಿತು. ನೋಡಲು ಬಂದ ಗಂಡುಗಳಿಗೆ ಕೈ ತುಂಬಾ ಇಟ್ಟಿಗೆ ಧೂಳು ಮಾಡಿಕೊಂಡೇ ಕಾಫಿ ಕೊಟ್ಟಳು. ಯಾರೂ ಎರಡನೇ ಸಲ ಬರಲಿಲ್ಲ. ಅವಳಿಗೆ ಬೇಕಾಗಿದ್ದೂ ಅದೇ.

ಹೋದ ವರ್ಷ ತಿಮ್ಮೇಶನೇ ಫೋನ್ ಮಾಡಿದ. ಹೊಸ ಉದ್ಯಮದವರ ಕೈ ಹಿಡಿಯುವ ಒಂದು ಯೋಜನೆಯಲ್ಲಿ ಅವನ ಆಲೆಮನೆ ಆಯ್ಕೆಯಾಗಿತ್ತು. ಟೈರಿನ ಹೊಗೆ ಸೋಕದ ಬೆಲ್ಲ ಎಷ್ಟಿದ್ದರೂ ತಗೊಳ್ತೀನಿ ಅಂತ ಕಿರಂಗೂರಿನ ವ್ಯಾಪಾರಿ ಒಬ್ಬರು ಒಪ್ಪಿದ್ದರು.

"ಒಲೆ ನೀನೇ ಹೇಳ್ಕೊಡ್ಬೇಕು."

"ದುಡಿಮೆಗೆ ಕರೀತಿದ್ದೀಯೋ, ನೆಪಕ್ಕೋ?"

"ಮೊದ್ಲು ಒಲೆ ಕಟ್ಟಾನ. ನೆಪ ಆಮೇಕೆ ನೋಡ್ಕಳಾನ."

ಆರು ತಿಂಗಳು ಒಲೆ ಫೋನಿನಲ್ಲೇ ಬೆಳೆಯಿತು. ಅವಳು ನಕ್ಷೆ ಕಳಿಸುವಳು, ಅವನು ಗೋಡೆಯ ಫೋಟೋ ಕಳಿಸುವನು.

"ಇಟ್ಟಿಗೆ ಫೋಟೋ ಕೇಳಿದ್ರೆ ನಿನ್ನ ಮುಖ ಯಾಕೆ ಬಂತು?"

"ಅಳತೆಗೆ. ಇಟ್ಟಿಗೆ ಎಷ್ಟು ದಪ್ಪ ಅಂತ ಗೊತ್ತಾಗ್ಲಿ ಅಂತ."

"ಇಟ್ಟಿಗೆ ಕಾಣ್ತಾನೇ ಇಲ್ಲ. ಮೀಸೆ ಕಾಣ್ತಾ ಇದೆ."

"ಮೀಸೆ ಅಳತೆ ಸರಿ ಅದಾ?"

ಅವಳು ಮುಂದಿನ ನಕ್ಷೆ ಕಳಿಸಿದಳು. ಆ ಫೋಟೋ ಮಾತ್ರ ಅಳಿಸಲಿಲ್ಲ.

ನಿಂಗಯ್ಯ ಮಾತ್ರ ಮಗನಿಗೆ ಖಂಡತುಂಡವಾಗಿ ಹೇಳಿದ್ದ. "ಒಂದು ಕೊಪ್ಪರಿಗೆ ನೋಡ್ತೀನಿ ಕಣ್ಲಾ. ಆಗ್ಲಿಲ್ವಾ, ಇದನ್ನ ಒಡ್ದು ಹಳೇ ಒಲೆನೇ ಕಟ್ಟಿಸ್ತೀನಿ. ನಾನಿರೋಗಂಟ ಟೈರೇಯ."

ಒಲೆ ಹೊತ್ತಿಸುವ ದಿನ ಮಮತ ನಾಲೆ ಏರಿಯ ಮೇಲೆ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅಂಗಳದ ಮೂಲೆಯಲ್ಲಿ ಟೈರಿನ ರಾಶಿ ಇನ್ನೂ ಇತ್ತು. ಈ ಕೊಪ್ಪರಿಗೆ ಗೆಲ್ಲುವವರೆಗೆ ಅವಳ ಮಾತೂ ಅಲ್ಲೇ ಇತ್ತು.

ತಿಮ್ಮೇಶ ಒಂದು ಚೊಂಬು ಕಬ್ಬಿನ ಹಾಲು ಹಿಡಿದು ಏರಿ ಹತ್ತಿ ಬಂದ. ಆಲೆಮನೆ ತನಕ ಬಂದವರನ್ನು ಬಾಯಾರಿಕೆಯಲ್ಲೇ ಕಳಿಸುವ ಪದ್ಧತಿ ಅಲ್ಲಿಲ್ಲ.

"ಇಂಜಿನೀರಮ್ಮನೋರು ಬಿಸ್ಲಲ್ಲೇ ಕುಂತ್ಕತೀರಾ?"

"ಒಳಗೆ ಬಂದ್ರೆ ನೆರಳು ಕೊಡ್ತೀಯಾ?"

"ಕೊಡದೆ ಏನು? ಸೂರಿನಡಿ ನೆರಳದೆ. ನಂದೂ ಒಂದದೆ."

ಅವಳು ಚೊಂಬಿನೊಳಗೆ ಮುಖ ಮರೆಸಿಕೊಂಡಳು. ನಿಂಬೆ ಹಿಂಡಿದ್ದ. ಎಂಟು ವರ್ಷದ ಮೇಲೂ ಅವಳಿಗೆ ಹುಳಿ ಬೇಕು ಅನ್ನೋದು ಅವನಿಗೆ ನೆನಪಿತ್ತು.

ಗಾಣ ತಿರುಗಿತು. ಕೊಪ್ಪರಿಗೆಗೆ ಕಬ್ಬಿನ ಹಾಲು ತುಂಬಿತು. ಒಲೆ ಹೊತ್ತಿಸಿದರು.

ಚಿಮಣಿಯಿಂದ ಬರಬೇಕಾದ ಹೊಗೆ ಒಲೆಯ ಬಾಯಿಂದಲೇ ಬಂತು. ಸಿಪ್ಪೆ ಗರಿಗರಿಯಾಗಿ ಒಣಗಿದ್ದರೂ ಉರಿ ಏಳಲಿಲ್ಲ, ಹೊಗೆಯಾಡುತ್ತಾ ಕೂತಿತು. ಗಂಟೆಯಾಯಿತು. ಹಾಲು ಬೆಚ್ಚಗಾಯಿತೇ ಹೊರತು ಕುದಿಯಲಿಲ್ಲ. ಇನ್ನು ಸ್ವಲ್ಪ ಹೊತ್ತಾದರೆ ಹುಳಿಯಾಗಿ ಹೋಗುತ್ತೆ.

ತಿಮ್ಮೇಶ ಮಸಿ ಮೆತ್ತಿದ ಮುಖದಲ್ಲಿ ಏರಿಗೆ ಬಂದ. ಈ ಸಲ ಕೈಯಲ್ಲಿ ಚೊಂಬಿರಲಿಲ್ಲ.

"ಅಪ್ಪ ಟೈರು ಹಾಕ್ಸ್ತಾವ್ನೆ. ಹಾಲು ಕೆಡ್ತದೆ ಅಂತ. ನೀನು ಮನೆಗೆ ಹೋಗು ಮಮತ, ಹೊಗೆ ಈ ಕಡೀಕೆ ಬರ್ತದೆ."

"ಒಲೆ ಲೆಕ್ಕ ನಾನು ತಪ್ಪಿಲ್ಲ."

"ನಾನೆಲ್ಲಿ ತಪ್ಪಿದೆ ಅಂದೆ?" ಅವನ ದನಿ ಮೆತ್ತಗಿತ್ತು. "ನಿನ್ನ ಮಾತು ನೀನು ಉಳಿಸ್ಕೊ. ಎಂಟು ವರ್ಸ ಕಾದೋನಿಗೆ ಇನ್ನೊಂದು ಎಂಟು ದೊಡ್ಡದಲ್ಲ."

"ಏನಕ್ಕೆ ಕಾದಿದ್ದು ಅಂತ ಒಂದಿನಾನೂ ಹೇಳಿಲ್ಲ ನೀನು."

ಅವನು ಮಸಿ ಕೈಯನ್ನು ನೋಡಿಕೊಂಡ. "ನಿನಗೇಯ. ಇನ್ನೇನು ಬೆಲ್ಲಕ್ಕಾ?"

ಒಳಗಿನಿಂದ ನಿಂಗಯ್ಯ ಕೂಗಿದ. ತಿಮ್ಮೇಶ ಓಡಿಹೋಗಿ ಉದ್ದನೆಯ ಹುಟ್ಟಿನಿಂದ ಕೊಪ್ಪರಿಗೆಯ ಹಾಲು ತಿರುವತೊಡಗಿದ. ಮೊದಲ ಟೈರು ಒಲೆಗೆ ಬಿತ್ತು. ಕಪ್ಪು ಹೊಗೆ ಸೂರಿನ ಸಂದಿಯಿಂದ ಎದ್ದಿತು.

ಟೈರು ಎಳೆಯುವ ಕರಿಯಯ್ಯ ಎರಡನೆಯದನ್ನು ರಾಶಿಯಿಂದ ಬಿಡಿಸಲು ಹೊರಗೆ ಬಂದವನು ಏರಿಯ ಕಡೆ ನೋಡಿ ಮರುಗಿದ. "ನೀನೇನ್ ಮಾಡೀಯ ಬುಡು ಮಗಾ. ಗೋಡೆ ಮಾತ್ರ ಚಿನ್ನದಂತಾದ್ದು ಕಟ್ಸಿದ್ದೆ. ಗಾರೆಯೋರು ಅಲ್ಲಲ್ಲಿ ತೂತು ಬುಟ್ಟುಬುಟ್ಟಿದ್ರು. ಯಜಮಾನ್ರು ಮುಂಜಾನೆ ಎದ್ದು ಮಣ್ಣು ಸಗಣಿ ಕಲ್ಸಿ ಸಾರ್ಸವ್ರೆ. ಈಗ ಕನ್ನಡಿ ಇದ್ದಂಗದೆ, ಒಂದು ತೂತಿಲ್ಲ."

ಮಮತಳ ಮಡಿಲಿನ ಹೆಲ್ಮೆಟ್ಟು ಉರುಳಿ ಏರಿಯ ಕೆಳಗೆ ಹೋಯಿತು.

ಹೊಸ ಒಲೆ ಹೊತ್ತಿಸುವ ದಿನ ಸಾರಿಸಿ, ರಂಗೋಲಿ ಬಿಟ್ಟು, ಕಾಯಿ ಒಡೆಯುವುದು ಹಿಂದಿನಿಂದ ನಡೆದುಬಂದದ್ದು. ಬಿರುಕು ಬಿಟ್ಟ ಒಲೆಗೆ ಪೂಜೆ ಮಾಡೋದುಂಟೇ? ಗಾಳಿ ಎಳೆಯಲೆಂದು ಅವಳು ಹಿಂದಿನ ಗೋಡೆಯಲ್ಲಿ ಬಿಡಿಸಿದ್ದ ಏಳು ತೂತುಗಳನ್ನು ನಿಂಗಯ್ಯ ಭಕ್ತಿಯಿಂದ ಮುಚ್ಚಿದ್ದ. ಹಿಂದಿನ ರಾತ್ರಿ ಕಿರಂಗೂರಿಗೆ ಅಚ್ಚು ತರಲು ಹೋಗಿದ್ದ ತಿಮ್ಮೇಶ ಬರುವಷ್ಟರಲ್ಲಿ ಆ ಗೋಡೆಗೆ ಸಿಪ್ಪೆ ಒಟ್ಟಿಯಾಗಿತ್ತು.

ಅವಳು ಫೋನ್ ಮಾಡಿದಳು. ಫೋನು ಅವನ ಅಂಗಿಯ ಜೊತೆ ಮೊಳೆಗೆ ನೇತಾಡುತ್ತಿತ್ತು. ಕೂಗಿದಳು. ಗಾಣದ ಇಂಜಿನ್ನಿನ ಸದ್ದಿನಲ್ಲಿ ಕೂಗು ಕರಗಿತು. ಕರಿಯಯ್ಯನಿಗೆ ಹೇಳಿದರೆ, "ಯಜಮಾನ್ರು ಸಾರ್ಸಿರೋದನ್ನ ನಾನು ಒಡೀಲಾ?" ಅಂತ ಹಿಂದೆ ಸರಿದ.

ಮಮತ ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟಳು. ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಕ್ಕೆ ನುಗ್ಗಿದಳು.

ಹುಟ್ಟು ಹಿಡಿದಿದ್ದ ತಿಮ್ಮೇಶ ಅವಳನ್ನು ನೋಡಿ ಕೈ ಆಡಿಸುವುದನ್ನೇ ಮರೆತ. ಅವಳು ಹಾರೆ ಎತ್ತಿಕೊಂಡು, ಸಿಪ್ಪೆ ಸರಿಸಿ, ಅಳತೆ ಮನಸ್ಸಿನಲ್ಲೇ ಇದ್ದ ಜಾಗಕ್ಕೆ ಒಂದೊಂದಾಗಿ ಗುದ್ದಿದಳು.

"ಏನವ್ವಾ ಇದು, ಮುಂಜಾನೆ ಸಾರ್ಸಿದ್ದು," ಅಂದ ನಿಂಗಯ್ಯ, ಅಳುವವನ ಹಾಗೆ.

"ಅದು ಒಲೆ ಮೂಗು ಮಾವ. ಮುಚ್ಚಿದ್ರೆ ಉಸಿರಾಡೋದೆಂಗೆ? ಆ ಟೈರು ಈಚೆಗೆ ಎಳೆಸಿ."

ಏಳನೆಯದು ತೆರೆದಾಗ ಒಲೆ ಒಮ್ಮೆ ಗುಡುಗಿದಂತೆ ಸದ್ದು ಮಾಡಿತು. ಉರಿ ಎದ್ದು ಚಿಮಣಿಯ ಕಡೆ ಬಾಗಿತು. ಕರಿಯಯ್ಯ ಕೊಕ್ಕೆ ಹಾಕಿ ಅರೆಬೆಂದ ಟೈರನ್ನು ಹೊರಗೆಳೆದು ಮಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಬರೀ ಸಿಪ್ಪೆಯ ಉರಿಗೆ ಹಾಲು ಉಕ್ಕಿ ಬಂತು. ತಿಮ್ಮೇಶ ಒಂದು ಕೈಯಲ್ಲಿ ಹುಟ್ಟು ಹಾಕುತ್ತಾ ಇನ್ನೊಂದು ಕೈಯಲ್ಲಿ ಕಣ್ಣು ಒರೆಸಿಕೊಂಡ. ಹೊಗೆ ಅಂದ. ಹೊಗೆ ಆಗಲೇ ಹೋಗಿತ್ತು.

ನಿಂಗಯ್ಯ ಬಗ್ಗಿ ಉರಿ ನೋಡಿದ. ಆಮೇಲೆ ಮಗನ ಹತ್ತಿರ ಬಂದು ದನಿ ತಗ್ಗಿಸಿದ. "ಮಾವ ಅಂದ್ಲೇನ್ಲಾ ಈಗ?"

"ಅಂದ್ಳು ಕಣಪ್ಪ."

"ಅಂಗಾದ್ರೆ ಮೂಗು ತೆಗ್ದೇ ಇರ್ಲಿ ಬುಡು. ಆ ರಾಶಿನ ನಾಳೆ ಸಾಗ್ಸು."

ತಿಮ್ಮೇಶ ಅವಳ ಪಕ್ಕ ಬಂದು ನಿಂತ. "ನಿಮ್ಮನೆಗೆ ಕೇಳೋಕೆ ಯಾವಾಗ ಬರ್ಲಿ?"

ಅವಳು ಅವನ ಕೆನ್ನೆಯ ಮಸಿಯನ್ನು ಬೆರಳ ತುದಿಯಿಂದ ತೆಗೆದು ಅವನಿಗೇ ತೋರಿಸಿದಳು. "ಇವತ್ತೇ. ಮುಖ ತೊಳ್ಕೊಂಡು."

ಸಂಜೆ ಮುತ್ತಮ್ಮ ಎಲ್ಲ ಕೇಳಿ ಒಂದೇ ಮಾತು ಅಂದಳು. "ನೀನು ಒಳಕ್ಕೆ ಹೋದಾಗ ಟೈರು ಉರೀತಿತ್ತಾ?"

"ಉರೀತಿತ್ತು ಕಣವ್ವ."

ಮಮತ ಕೊಟ್ಟ ಮಾತನ್ನು ಮುರಿದಿದ್ದಳು.