ಆಸ್ಟಿನ್ ಕಾರಿನ ಎಡಗೈ

"ಅದನ್ನು ಮುಟ್ಟುವ ಹಾಗಿಲ್ಲ..."

ಬೆನ್ನ ಹಿಂದಿನಿಂದ ಬಂದ ದನಿಗೆ ತೃಷಾಳ ಕೈ ಕಾರಿನ ಮೇಲೆಯೇ ನಿಂತುಬಿಟ್ಟಿತು.

ಆ ದನಿಯನ್ನು ಅವಳು ಜೀವಮಾನದಲ್ಲಿ ಕೇಳಿದ್ದು ಒಂದೇ ಒಂದು ಮಧ್ಯಾಹ್ನ. ಆಮೇಲೆ ಐದಾರು ವರ್ಷ ಕಳೆದಿದೆ. ಮರೆತಿದ್ದೇನೆ ಎಂದು ಮನೆಯವರಿಗೂ ಹೇಳಿದ್ದಳು, ತನಗೂ ಹೇಳಿಕೊಂಡಿದ್ದಳು. ಎದೆ ಮಾತ್ರ ಆ ಮಾತು ಕೇಳಿಸಿಕೊಂಡೇ ಇರಲಿಲ್ಲ ಎಂದು ಈಗ ಗೊತ್ತಾಯಿತು.

ತಿರುಗಿದಳು. ದಿಶಾಂತ್! ಕೈಯಲ್ಲಿ ಕಾರು ಒರೆಸುವ ಬಟ್ಟೆ. ಅವನಿಗೂ ಅವಳ ಗುರುತು ಸಿಕ್ಕಿತು.

'ಇವನೇ ಯಾಕೆ... ಅದೂ ಇವತ್ತೇ ಯಾಕೆ?'

ಸಂಪಾಜೆಯಲ್ಲಿ ಮುಚ್ಚಿಹೋಗಿದ್ದ ಮರದ ಮಿಲ್ಲೊಂದು ಹಳೆ ಕಾರುಗಳ ಮ್ಯೂಸಿಯಂ ಆಗಿದೆಯಂತೆ, ಒಮ್ಮೆ ನೋಡಿ ಬರುವ ಎಂದು ಸೀತು ಅಜ್ಜಿ ಬೆಳಿಗ್ಗೆಯಿಂದ ಬೆನ್ನು ಹತ್ತಿದ್ದರು. ತೃಷಾ ಪುತ್ತೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಇವತ್ತು ರಜೆ ಹಾಕಿದ್ದು ಕಾರು ನೋಡಲಿಕ್ಕಲ್ಲ. ಜಾಲ್ಸೂರಿನಿಂದ ಬಂದ ಸಂಬಂಧಕ್ಕೆ ಹೂಂ ಅಥವಾ ಊಹೂಂ ಎಂದು ಸಂಜೆಯೊಳಗೆ ಹೇಳು ಎಂದು ಅಮ್ಮ ಗಡುವು ಕೊಟ್ಟಿದ್ದರು. ಹೂಂ ಎಂದೇ ಹೇಳುವುದೆಂದು ಮನಸ್ಸು ಮಾಡಿಯೂ ಆಗಿತ್ತು. ಒಲ್ಲೆ ಎನ್ನಲು ಕಾರಣವಾದರೂ ಏನಿತ್ತು ಅವಳ ಹತ್ತಿರ?

ಹಾಗೆ ಬಂದವಳಿಗೆ ಸಾಲು ಸಾಲು ಫೋರ್ಡ್, ಮೋರಿಸ್‌ಗಳ ನಡುವೆ ಅಜ್ಜ ಕಿಟ್ಟಣ್ಣನ ಕಪ್ಪು ಆಸ್ಟಿನ್ ಎದುರಾಗಿತ್ತು. ಕಣ್ಣು ತುಂಬಿ ಬಂದು, ಕೈ ತಾನಾಗಿ ಅದರ ಮೇಲೆ ಹೋಗಿತ್ತು.

ಆಲಂಕಾರಿನಿಂದ ಸುಳ್ಯದವರೆಗೆ ಆ ಕಾರಿಗೆ 'ಮದಿಮಾಳ್ ಕಾರು' ಎಂದೇ ಹೆಸರು. ಮದುಮಗಳ ಕಾರು. ದಿಬ್ಬಣ ಹೊರಡಬೇಕಾದರೆ ಕಿಟ್ಟಣ್ಣನೇ ಬರಬೇಕು, ಕಿಟ್ಟಣ್ಣ ಬಂದರೆ ಮುಂದಿನ ಸೀಟಿನಲ್ಲಿ ಪುಟ್ಟ ತೃಷಾ ಇರಲೇಬೇಕು. ಅವಳಿಗೆ ಅಲ್ಲಿ ಕೆಲಸವಿತ್ತು.

ಈಗಿನ ಕಾರುಗಳಲ್ಲಿ ತಿರುಗುವಾಗ ದೀಪ ಮಿನುಗುತ್ತದೆ. ಆಸ್ಟಿನ್‌ನಲ್ಲಿ ಎರಡು ಬಾಗಿಲುಗಳ ನಡುವಿನ ಕಂಬದಿಂದ ಗೇಣುದ್ದದ ಪುಟ್ಟ ಕೈಯೊಂದು ಬೆಳಗುತ್ತಾ ಹೊರಗೆ ಚಾಚುತ್ತಿತ್ತು. ಬಲಗೈ ಹೇಳಿದ ಹಾಗೆ ಕೇಳುತ್ತಿತ್ತು. ಎಡಗೈ ಮಹಾ ಹಟಮಾರಿ! ಸ್ವಿಚ್ ತಿರುಗಿಸಿದರೆ ಸಾಲದು, ಒಳಗಿನಿಂದ ಕಂಬಕ್ಕೆ ಒಂದು ಪೆಟ್ಟು ಬೀಳಬೇಕು. "ಪುಟ್ಟೀ, ಒಂದು ಕೊಡು" ಎನ್ನುತ್ತಿದ್ದರು ಅಜ್ಜ. ಅವಳು ಅಂಗೈಯಿಂದ ಪಟ್ಟನೆ ಹೊಡೆದರೆ ಕೈ ಮೇಲೇಳುತ್ತಿತ್ತು.

ರಸ್ತೆಯಲ್ಲಿ ಬೇರೆ ವಾಹನವೇ ಇಲ್ಲದಿದ್ದರೂ ಅಜ್ಜ ಕೈ ತೋರಿಸದೆ ತಿರುಗುತ್ತಿರಲಿಲ್ಲ. ಯಾಕಜ್ಜಾ ಎಂದು ಒಮ್ಮೆ ಕೇಳಿದ್ದಳು. ಮದುಮಗಳ ಅಮ್ಮ ಅಂಗಳದಲ್ಲಿ ನಿಂತು ನೋಡ್ತಾ ಇರ್ತಾಳೆ ಮಗಾ, ಮಗಳು ಯಾವ ಕಡೆ ತಿರುಗಿದ್ದು ಅಂತ ಅವಳಿಗೆ ಕಾಣಬೇಕಲ್ಲ ಎಂದಿದ್ದರು.

ಆ ಕಾರನ್ನೇ ಈ ದಿಶಾಂತ್ ಕೊಂಡುಹೋದದ್ದು.

ಅವನು ಬಂದದ್ದು ತೃಷಾಳನ್ನು ನೋಡಲು. ಹಿರಿಯರು ಚಾವಡಿಯಲ್ಲಿ ಕುಳಿತು ಮಾತಾಡುತ್ತಿದ್ದರೆ, ಹುಡುಗ ಶೆಡ್ಡಿನಲ್ಲಿ ಕಾರಿನ ಅಡಿಗೆ ತೂರಿಕೊಂಡಿದ್ದ! ಕಾಫಿ ಹಿಡಿದುಕೊಂಡು ಅವಳೇ ಅಲ್ಲಿಗೆ ಹೋಗಬೇಕಾಯಿತು. ಎಡಗೈ ಯಾಕೆ ಏಳುವುದಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದವನ ಎದುರು ಕಾಫಿ ಲೋಟ ಇಟ್ಟು, ಒಳಗೆ ಕುಳಿತು, ಕಂಬಕ್ಕೆ ಒಂದು ಪೆಟ್ಟು ಕೊಟ್ಟಿದ್ದಳು. ಕೈ ಎದ್ದಿತು. ಇಬ್ಬರೂ ಮನಸಾರೆ ನಕ್ಕಿದ್ದರು. ಆ ನಗುವಿನಲ್ಲೇ ಅವಳ ಮನಸ್ಸು ಅವನ ಪಾಲಾಗಿತ್ತು.

ಮುಂದಿನ ವಾರ ಅವನು ಬಂದು ಕಾರು ಕೊಂಡುಹೋದ. ಅಜ್ಜನಿಗೆ ಕಣ್ಣು ಮಂಜಾಗಿತ್ತು, ಗುಜರಿಗೆ ಹೋಗುವ ಬದಲು ಪ್ರೀತಿಯಿಂದ ನೋಡಿಕೊಳ್ಳುವವನಿಗೆ ಹೋಗಲಿ ಎಂದು ಅವರೇ ಕೊಟ್ಟರು. ಆದರೆ ಹುಡುಗಿಯ ವಿಷಯದಲ್ಲಿ ಒಂದು ಮಾತಿಲ್ಲ. ಹೆಣ್ಣು ನೋಡಿ ಹೋದ ಮೇಲೆ ಮೊದಲ ಮಾತು ಗಂಡಿನ ಮನೆಯಿಂದ ಬರಬೇಕು, ಹೆಣ್ಣಿನ ಕಡೆಯವರು ತಾವಾಗಿ ಕೇಳುವ ಹಾಗಿಲ್ಲ. ಕಾದರು... ಕಾಯುತ್ತಲೇ ಉಳಿದರು. ಹುಡುಗಿ ನೋಡಲು ಬಂದವ ಕಾರು ನೋಡಿ ಹೋದ ಎಂದು ಊರೆಲ್ಲ ನಕ್ಕಿತು.

ಹದಿನೈದು ದಿನದೊಳಗೆ ಅಜ್ಜ ಮಲಗಿದಲ್ಲೇ ತೀರಿಕೊಂಡರು. ಉತ್ತರಕ್ರಿಯೆಯ ದಿನ, ಬೊಜ್ಜದ ಊಟಕ್ಕೆ ದಿಶಾಂತ್ ಬಂದಿದ್ದ. ಅವನನ್ನು ಕಂಡದ್ದೇ ತೃಷಾ ಮುಖ ತಿರುಗಿಸಿ ಒಳಗೆ ಹೋಗಿದ್ದಳು.

ಈಗ ಮುಖ ತಿರುಗಿಸಲು ಜಾಗವಿರಲಿಲ್ಲ. ಒಂದು ಕಡೆ ಕಾರು, ಇನ್ನೊಂದು ಕಡೆ ಅವನು.

"ಕಾರನ್ನು ಚೆನ್ನಾಗಿ ನೋಡಿಕೊಂಡಿದ್ದೀರಿ," ಎಂದಳು. "ಹುಡುಗಿಗೆ ಒಂದು ಉತ್ತರ ಹೇಳ್ಲಿಕ್ಕೆ ಮಾತ್ರ ನಿಮಗೆ ಪುರುಸೊತ್ತು ಆಗ್ಲಿಲ್ಲ."

ದಿಶಾಂತ್ ಅವಳನ್ನೇ ನೋಡಿದ. "ಉತ್ತರ ನಾನು ಹೇಳುದಾ? ನಾನು ನಿಮ್ಮ ಉತ್ತರಕ್ಕೆ ಕಾದದ್ದಲ್ವಾ?"

"ಎಂತ?"

ಅವನು ಹೇಳುತ್ತಾ ಹೋದ. ಕಾರು ಕೊಂಡುಹೋಗುವ ದಿನ ಕಿಟ್ಟಣ್ಣನ ಹತ್ತಿರ ಅವನು ನೇರವಾಗಿಯೇ ಹೇಳಿದ್ದ, ನನಗೆ ಹುಡುಗಿ ಒಪ್ಪಿಗೆ ಎಂದು. ಅಜ್ಜ ಖುಷಿಯಿಂದ ಅವನ ಬೆನ್ನು ತಟ್ಟಿದ್ದರು. ಆದರೆ ಈ ಮನೆಯಲ್ಲಿ ಈ ಸಲ ಮೊದಲ ಮಾತು ಹುಡುಗಿಯದ್ದು, ನಾನೇ ಅವಳನ್ನು ಕೇಳುತ್ತೇನೆ, ಅವಳು ಹೇಳುವವರೆಗೆ ನೀನೂ ನಿನ್ನ ಮನೆಯವರೂ ಬಾಯಿ ತೆರೆಯಬೇಡಿ ಎಂದು ಮಾತು ತೆಗೆದುಕೊಂಡಿದ್ದರಂತೆ.

"ಬೊಜ್ಜದ ದಿನ ನೀವು ಮುಖ ತಿರುಗಿಸಿದ್ರಿ. ಅದೇ ಉತ್ತರ ಅಂತ ಗ್ರಹಿಸಿದೆ."

ತೃಷಾಳಿಗೆ ಈಗ ಅರ್ಥವಾಯಿತು. ಅಜ್ಜ ತನ್ನನ್ನು ಕೇಳಲಿಕ್ಕಿದ್ದರು... ಕೇಳುವ ಮೊದಲೇ ಹೋಗಿಬಿಟ್ಟರು. ಅವರು ಬದಲಿಸಿದ ಕ್ರಮ ಗೊತ್ತಿದ್ದದ್ದು ಇವನೊಬ್ಬನಿಗೆ. ಇವನು ತನಗಾಗಿ ಕಾದ, ತಾನು ಇವನಿಗಾಗಿ ಕಾದೆ. ಇಷ್ಟು ವರ್ಷ!

"ನನ್ನ ಮದುವೆಗೆ ನನ್ನನ್ನು ಯಾರೂ ಕೇಳಿರ್ಲಿಲ್ಲ ಮಗಾ."

ಸೀತು ಅಜ್ಜಿ ಯಾವಾಗಲೋ ಹತ್ತಿರ ಬಂದು ನಿಂತಿದ್ದರು. ಕಾರಿನ ಹಿಂದಿನ ಸೀಟನ್ನು ನೋಡುತ್ತಾ ಹೇಳಿದರು. "ಇದೇ ಕಾರಿನಲ್ಲಿ ಕೂರಿಸಿ ಕರ್ಕೊಂಡು ಬಂದ್ರು. ದಾರಿ ಉದ್ದಕ್ಕೂ ಕಣ್ಣೀರು ಹಾಕಿ ಕೂಗಿದೆ. ಆಮೇಲೆ ಸುಖವಾಗಿಯೇ ಇದ್ದೆ, ಅದು ಬೇರೆ. ಆದ್ರೆ ನಿನ್ನ ಅಜ್ಜನಿಗೆ ಆ ಕೂಗಿದ್ದು ಕಡೆವರೆಗೂ ಮನಸ್ಸಿನಲ್ಲಿತ್ತು."

ಆಮೇಲೆ ಅಜ್ಜಿಯೇ, ಕಾಲು ನೋಯುತ್ತದೆ, ಒಮ್ಮೆ ಇದರಲ್ಲಿ ಕೂರಿಸಿ ಒಂದು ಸುತ್ತು ಕರ್ಕೊಂಡು ಹೋಗು ಎಂದು ದಿಶಾಂತ್‌ನಿಗೆ ಅಪ್ಪಣೆ ಕೊಟ್ಟರು. ಮ್ಯೂಸಿಯಂ ಇವನದೇ ಎಂದು ಈ ಅಜ್ಜಿಗೆ ಮೊದಲೇ ಗೊತ್ತಿತ್ತೇ? ಕೇಳಬೇಕೆಂದು ತೃಷಾ ತಿರುಗಿದರೆ, ಅವರು ಕನ್ನಡಕ ಒರೆಸುವುದರಲ್ಲಿ ಮುಳುಗಿಹೋಗಿದ್ದರು.

ಅಜ್ಜಿ ಹಿಂದೆ ಕುಳಿತರು. ತೃಷಾ ತನ್ನ ಹಳೆಯ ಜಾಗದಲ್ಲಿ ಕುಳಿತಳು. ಸೀಟಿಗೆ ಹೊಸ ಬಟ್ಟೆ ಬಂದಿದ್ದರೂ ಒಳಗಿನ ವಾಸನೆ ಅಜ್ಜನ ಕಾಲದ್ದೇ ಆಗಿತ್ತು. ಇಂಜಿನ್ ಒಮ್ಮೆ ಕೆಮ್ಮಿ ಎದ್ದಿತು, ಕಾರು ಮೆಲ್ಲಗೆ ಗೇಟಿನವರೆಗೆ ಬಂದು ನಿಂತಿತು.

"ಬಲಕ್ಕೆ ಹೋದ್ರೆ ಘಾಟಿ," ಎಂದ ದಿಶಾಂತ್, ರಸ್ತೆಯನ್ನೇ ನೋಡುತ್ತಾ. "ಒಂದು ಸುತ್ತು ಹಾಕಿ ವಾಪಸ್ ಬರುದು. ಎಡಕ್ಕೆ ಹೋದ್ರೆ ಸುಳ್ಯ, ಆಮೇಲೆ ಆಲಂಕಾರು, ನಿಮ್ಮ ಮನೆ. ನಿಮ್ಮ ಅಮ್ಮನ ಹತ್ರ ನಾನೇ ಮಾತಾಡ್ತೇನೆ. ಆದ್ರೆ ಅಜ್ಜನಿಗೆ ಮಾತು ಕೊಟ್ಟಿದ್ದೇನೆ. ಮೊದಲು ನೀವು ಹೇಳ್ಬೇಕು."

ಅವನು ಸ್ವಿಚ್ಚನ್ನು ಎಡಕ್ಕೆ ತಿರುಗಿಸಿದ. ಕೈ ಏಳಲಿಲ್ಲ.

"ಇಡೀ ಕಾರು ರಿಪೇರಿ ಮಾಡಿದವರು ಇದನ್ನು ಯಾಕೆ ಬಿಟ್ರಿ?"

"ಮಾಡ್ಲಿಕ್ಕೆ ಗೊತ್ತುಂಟು. ಮನಸ್ಸು ಬರ್ಲಿಲ್ಲ. ಪೆಟ್ಟು ಕೊಡುವವರು ಒಂದು ದಿನ ಬಂದ್ರೆ ಅಂತ..." ಸ್ಟಿಯರಿಂಗ್ ಹಿಡಿದ ಅವನ ಬೆರಳುಗಳು ಬಿಗಿಯಾಗಿದ್ದವು.

ತೃಷಾಳ ಕಣ್ಣಿನಲ್ಲಿ ನಿಂತಿದ್ದ ನೀರು ಕೆನ್ನೆಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಸಂಜೆ ಅಮ್ಮನಿಗೆ ಹೇಳಬೇಕಾದ ಉತ್ತರ ಇಷ್ಟು ಸುಲಭವೇ ಎನಿಸಿತು.

ತನ್ನ ಎಡಗೈಯನ್ನು ಹಿಂದಕ್ಕೆ ಚಾಚಿ, ಕಂಬಕ್ಕೆ ಅಂಗೈಯಿಂದ ಒಂದು ಪೆಟ್ಟು ಕೊಟ್ಟಳು.

ಟಕ್... ಹೊರಗೆ ಪುಟ್ಟ ಕೈ ಎದ್ದು ಬೆಳಗಿತು.

"ಸಿಕ್ಕಿತಾ ಉತ್ತರ?" ಎಂದಳು.

"ಸಿಕ್ಕಿತು," ಎಂದ ಅವನ ದನಿ ಒದ್ದೆಯಾಗಿತ್ತು. "ಇನ್ನು ಇದನ್ನು ಸರಿ ಮಾಡ್ಲಾ?"

"ಬೇಡ. ನಾನು ಇರ್ತೇನಲ್ಲ."

ಆಸ್ಟಿನ್ ಎಡಕ್ಕೆ ಹೊರಳಿತು. ಕಲ್ಲುಗುಂಡಿ ದಾಟಿತು, ಅರಂತೋಡು ದಾಟಿತು. ಸ್ವಿಚ್ ವಾಪಸ್ ತಿರುಗಿಸುವುದು ದಿಶಾಂತ್‌ನಿಗೆ ನೆನಪೇ ಆಗಲಿಲ್ಲ. ಕಾರಿನ ಎಡಗೈ ಹಾಗೆಯೇ ಚಾಚಿಕೊಂಡಿತ್ತು.

ಹಿಂದಿನಿಂದ ಅಜ್ಜಿ ಹೇಳಿಯೇ ಬಿಟ್ಟರು. "ಆ ಕೈ ಇಳಿಸು ಮಾರಾಯ. ತಿರುಗಿ ಎಷ್ಟು ಹೊತ್ತಾಯ್ತು."

ಅವನು ಸ್ವಿಚ್ಚಿನತ್ತ ಕೈ ಚಾಚಿದ. ತೃಷಾ ಆ ಕೈಯ ಮೇಲೆ ತನ್ನ ಕೈಯಿಟ್ಟು ತಡೆದಳು.

"ಇರ್ಲಿ ಅಜ್ಜಿ... ಅಮ್ಮ ಅಂಗಳದಲ್ಲಿರ್ತಾರೆ. ಅವರಿಗೆ ಕಾಣ್ಲಿ."